ಕಾಗದವೂ ಓಮದ ಸತ್ತ್ವವೂ

ಮಳೆಗಾಲದಲ್ಲಿ ಪುಸ್ತಕದ ಹಾಳೆಗಳು ಮೆತ್ತಗಾಗಿ ಅಲೆಯಲೆಯಾಗಿ ಉಬ್ಬುವುದಕ್ಕೆ ಕಾರಣ, ಕಾಗದದ ನಾರಿನಲ್ಲಿರುವ ಸೆಲ್ಯುಲೋಸ್ ಎಂಬ ದ್ರವ್ಯದ ಜಲಾಕರ್ಷಣೆಯೇ ಆಗಿದೆ. ಅದರ ಅಣುಸರಪಣಿಯ ಉದ್ದಕ್ಕೂ ಇರುವ ಹೈಡ್ರಾಕ್ಸಿಲ್ ಗುಂಪುಗಳು ನೀರಾವಿಯನ್ನು ಸೆಳೆದು ಹಿಡಿದಿಟ್ಟುಕೊಳ್ಳುವ ಕಾರಣ, ಒಣಗಿದಂತೆ ತೋರುವ ಹಾಳೆಯಲ್ಲಿಯೂ ಸಾಮಾನ್ಯವಾಗಿ ತೂಕದ ನೂರಕ್ಕೆ 5ರಿಂದ 8 ಭಾಗದಷ್ಟು ನೀರು ಅಡಗಿರುತ್ತದೆ. ತೇವವೇರಿದಾಗ ನಾರು ಉದ್ದಕ್ಕೆ ಅತ್ಯಲ್ಪವಾಗಿಯೂ ಅಡ್ಡಕ್ಕೆ ಬಹಳವಾಗಿಯೂ ಹಿಗ್ಗುವುದರಿಂದ ಹಾಳೆ ಸುರುಳಿಗೊಳ್ಳುತ್ತದೆ.

ಸುಗಂಧತೈಲಗಳ ಆವಿಯೊಡನೆ ಕಾಗದದ ಸಂಬಂಧ ಇಷ್ಟು ಗಾಢವಾದುದಲ್ಲ. ಆ ಆವಿಯು ನಾರುಗಳ ನಡುವಣ ಸೂಕ್ಷ್ಮರಂಧ್ರಗಳನ್ನು ಹೊಕ್ಕು, ನಾರಿನ ಮೈಗೆ ದುರ್ಬಲವಾಗಿ ಅಂಟಿ, ಕಾಲಕ್ರಮದಲ್ಲಿ ಬಿಟ್ಟುಹೋಗುತ್ತದೆ. ತೈಲದಲ್ಲಿ ಅದ್ದಿದ ಕಾಗದದ ಪಟ್ಟಿಯಿಂದ ನಿಂಬೆಯ ಕಂಪು ಬೇಗನೆ ಹಾರಿಹೋಗಿ, ಶ್ರೀಗಂಧದ ಕಂಪು ದಿನಗಟ್ಟಲೆ ನಿಲ್ಲುವುದನ್ನು ಸುಗಂಧಪರೀಕ್ಷಕರೆಲ್ಲರೂ ಬಲ್ಲರು.

ಆವಿಯನ್ನು ಒಳಗೆ ಬಿಟ್ಟುಕೊಳ್ಳುವ ಕಾಗದದ ಈ ಗುಣವನ್ನು ಪತ್ರಾಗಾರಗಳವರು ಬಹುಕಾಲ ಉಪಯೋಗಿಸಿಕೊಂಡರು. ಬೂಷ್ಟು ಹಿಡಿದ ಹಸ್ತಪ್ರತಿಗಳನ್ನು ಮುಚ್ಚಿದ ಕಪಾಟಿನ ಜಾಲರಿಯ ಮೇಲೆ ಬಿಡಿಸಿಟ್ಟು, ಓಮದ ಎಣ್ಣೆಯ ಮುಖ್ಯ ಸತ್ತ್ವವಾದ ಥೈಮಾಲ್‌ನ ಹರಳುಗಳನ್ನು ಕೆಳಗಿನ ವಿದ್ಯುದ್ದೀಪದ ಕಾವಿನಿಂದ ಆವಿಯಾಗಿಸುತ್ತಿದ್ದರು. ಯುಕ್ತಿ ಚತುರವಾದುದೇ, ಆದರೆ ಅಪೂರ್ಣ: ಆವಿ ಹೊರಟುಹೋದ ಮೇಲೆ ರಕ್ಷಣೆಯೂ ಹೋಗುತ್ತದೆ, ಗಾಳಿಯ ಆರ್ದ್ರತೆ ನೂರಕ್ಕೆ 70ನ್ನು ಮೀರಿ ಬಹುದಿನ ನಿಂತರೆ ಬೂಷ್ಟು ಮರಳುತ್ತದೆ. ಆದ್ದರಿಂದ ಹಳೆಯ ಗ್ರಂಥಗಳನ್ನುಳ್ಳವರು ಕಪಾಟನ್ನು ತೇವದ ಗೋಡೆಗೆ ಒತ್ತಿಡದೆ, ಹಿಂಬದಿಯಲ್ಲಿ ಗಾಳಿಯಾಡುವಂತೆ ಇರಿಸಬೇಕೆಂದು ಬೇಡುತ್ತೇನೆ.