ಹಳೆಯ ಕಾರಿಗೆ ಹೊಸ ಎಂಜಿನ್ನೋ, ಹಳೆಯದಕ್ಕೇ ಮರುಜೀವವೋ?



ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಕೆಲವರಿಗಾದರೂ ಹಳೆಯ ಕಾರಿನ ಹುಚ್ಚು ಇದ್ದೇ ಇರುತ್ತದೆ. ಅಪ್ಪನೋ ಮಾವನೋ ಎಂದೋ ಕೊಂಡು ಗ್ಯಾರೇಜಿನಲ್ಲಿ ಮುಚ್ಚಿಟ್ಟಿದ್ದ ಎಂ.ಜಿ.ಬಿ. ಕಾರು ಈಗ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಸ್ಟಾರ್ಟ್ ಮಾಡಿದರೆ ಹೊಗೆ, ಏರು ರಸ್ತೆಯಲ್ಲಿ ಏದುಸಿರು. "ಇದನ್ನು ಕಿತ್ತು ಬೇರೆ ಎಂಜಿನ್ ಹಾಕು" ಎನ್ನುತ್ತಾನೆ ಒಬ್ಬ ಸ್ನೇಹಿತ. "ಮೂಲ ಎಂಜಿನ್ ಮುಟ್ಟಿದರೆ ಕಾರಿನ ಮರ್ಯಾದೆಯೇ ಹೋಯಿತು" ಎನ್ನುತ್ತಾನೆ ಇನ್ನೊಬ್ಬ. ಯಾರ ಮಾತು ಕೇಳುತ್ತೀರಿ?

ಮೊದಲು ಕಾರಿನ ಪರಿಚಯ ಮಾಡಿಕೊಳ್ಳೋಣ. ಎಂ.ಜಿ.ಬಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಕಾರು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಎಂಜಿನ್ 1798 ಸಿ.ಸಿ.ಯದು, ಹೆಸರು ಬಿ-ಸೀರೀಸ್. ಇದೇ ವಂಶದ 1489 ಸಿ.ಸಿ. ಎಂಜಿನ್ ನಮ್ಮ ಅಂಬಾಸಡರ್ ಕಾರಿನಲ್ಲೂ ಇತ್ತು, ಏಕೆಂದರೆ ಅಂಬಾಸಡರ್ ಎಂಬುದು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ಊರಿನಲ್ಲಿ ನಿಮ್ಮ ತಾತ ಓಡಾಡಿದ ಕಾರೂ ನಿಮ್ಮ ಗ್ಯಾರೇಜಿನ ಕಾರೂ ಒಂದು ಲೆಕ್ಕದಲ್ಲಿ ಅಣ್ಣತಮ್ಮಂದಿರ ಮಕ್ಕಳು!

ಈಗ ನಿರ್ಧಾರಕ್ಕೆ ಬರೋಣ. ಮೊದಲ ಪ್ರಶ್ನೆ: ಎಂಜಿನ್ ನಿಜವಾಗಿಯೂ ಕೆಟ್ಟಿದೆಯೇ? ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವ್ ಗೈಡ್ ಸವೆದಿರಬಹುದು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಬೋರ್ ಸವೆದಿರುವ ಸಂಭವ ಹೆಚ್ಚು. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆಸಿ, ಆಯಿಲ್ ಪ್ರೆಷರ್ ನೋಡಿಸಿ. ಈ ಪರೀಕ್ಷೆಗಳಿಗೆ ಎಂಜಿನ್ ಇಳಿಸಬೇಕಾಗಿಯೇ ಇಲ್ಲ.

ಬೋರ್ ಸವೆದಿದ್ದರೂ ಗಾಬರಿ ಬೇಡ. ಬಿ-ಸೀರೀಸ್ ಗಟ್ಟಿ ಎರಕದ ಕಬ್ಬಿಣದ ಎಂಜಿನ್. ಸಿಲಿಂಡರ್ ಬೋರ್ ಮಾಡಿಸಿ, ಸ್ವಲ್ಪ ದೊಡ್ಡ ಪಿಸ್ಟನ್ ಹಾಕಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೊಸ ಬೇರಿಂಗ್ ಕೂರಿಸಿದರೆ ಮತ್ತೆ ವರ್ಷಗಟ್ಟಲೆ ಓಡುತ್ತದೆ. ಬಿಡಿಭಾಗಗಳು ಬ್ರಿಟನ್ನಿನಲ್ಲಿ ಸುಲಭವಾಗಿ ಸಿಗುತ್ತವೆ. ಹೆಡ್ ಬಿಚ್ಚಿದಾಗ ಇನ್ನೊಂದು ಕೆಲಸ ಮಾಡಿಸಿ. ಈ ಎಂಜಿನ್ ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. ಆ ಪೆಟ್ರೋಲ್ 1999ರ ಕೊನೆಗೆ ಇಲ್ಲಿನ ಬಂಕುಗಳಿಂದ ಹೋಯಿತು. ಹಾಗಾಗಿ ಗಟ್ಟಿ ಲೋಹದ ಎಗ್ಸಾಸ್ಟ್ ವಾಲ್ವ್ ಸೀಟು ಹಾಕಿಸುವುದು ಒಳ್ಳೆಯದು. 2021ರ ಸೆಪ್ಟೆಂಬರ್‌ನಿಂದ ಶೇಕಡ 10ರವರೆಗೆ ಎಥನಾಲ್ ಇರುವ ಇ10 ಪೆಟ್ರೋಲ್ ಸಾಮಾನ್ಯವಾಗಿದೆ. ಅದು ಹಳೆಯ ರಬ್ಬರ್ ಪೈಪುಗಳನ್ನು ಹಾಳು ಮಾಡುತ್ತದೆ. ಅವನ್ನೂ ಬದಲಿಸಿ.

ಎರಡನೆಯ ಪ್ರಶ್ನೆ: ಅದು ನಿಜವಾಗಿ "ಮೂಲ" ಎಂಜಿನ್ನೇ? ಆ ಕಾಲದಲ್ಲಿ ಸವೆದ ಎಂಜಿನ್ ಕೊಟ್ಟು, ಕಂಪನಿಯೇ ಸರಿಪಡಿಸಿದ ಇನ್ನೊಂದನ್ನು ಪಡೆಯುವ ಪದ್ಧತಿ ಇತ್ತು. "ಗೋಲ್ಡ್ ಸೀಲ್" ಎಂಬ ಹೆಸರಿನ ಆ ಎಂಜಿನ್‌ಗಳಿಗೆ ಚಿನ್ನದ ಬಣ್ಣ ಬಳಿದಿರುತ್ತಿದ್ದರು. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ, ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಅದರಲ್ಲಿನ ಎಂಜಿನ್ ನಂಬರು ನಿಮ್ಮ ಎಂಜಿನ್ನಿನ ನಂಬರಿಗೆ ಹೊಂದಿದರೆ, ಅದನ್ನು ಉಳಿಸಿಕೊಳ್ಳಲು ಬಲವಾದ ಕಾರಣ ಸಿಕ್ಕಂತಾಯಿತು. ಹೊಂದದಿದ್ದರೆ ನಿಮ್ಮ ಕೈ ಸ್ವಲ್ಪ ಸಡಿಲ.

ಮೂರನೆಯದು ಕಾನೂನು. ಇಲ್ಲಿ 40 ವರ್ಷ ದಾಟಿದ ಕಾರಿಗೆ ಪ್ರತಿವರ್ಷದ ಎಂ.ಓ.ಟಿ. ಪರೀಕ್ಷೆ ಕಡ್ಡಾಯವಲ್ಲ. ಆದರೆ ಕಳೆದ 30 ವರ್ಷಗಳಲ್ಲಿ ಅದರಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅದೇ ಎಂಜಿನ್ನಿನ ಬೇರೆ ಸಿ.ಸಿ., ಅಥವಾ ಆ ಮಾಡೆಲ್‌ಗೆ ಕಾರ್ಖಾನೆಯೇ ಹಾಕುತ್ತಿದ್ದ ಇನ್ನೊಂದು ಎಂಜಿನ್, ದೊಡ್ಡ ಬದಲಾವಣೆ ಅನ್ನಿಸಿಕೊಳ್ಳುವುದಿಲ್ಲ. ಇಂದಿನ ಯಾವುದೋ ಕಾರಿನ ಎಂಜಿನ್ ತಂದು ಕೂರಿಸಿದರೆ ಈ ವಿನಾಯಿತಿ ಹೋಗಬಹುದು. ಹೋದರೆ ಕಾರು ಓಡಿಸಬಾರದು ಎಂದಲ್ಲ, ಪರೀಕ್ಷೆ ಮಾಡಿಸಬೇಕು ಅಷ್ಟೆ. ಎಂಜಿನ್ ಬದಲಿಸಿದರೆ ಡಿ.ವಿ.ಎಲ್.ಎ.ಗೂ ಇನ್ಶೂರೆನ್ಸ್ ಕಂಪನಿಗೂ ತಿಳಿಸಲೇಬೇಕು. ಮುಚ್ಚಿಟ್ಟರೆ ಅಪಘಾತವಾದ ದಿನ ನಿಮ್ಮ ಪಾಲಿಸಿ ಕೈಕೊಡಬಹುದು.

ನಾಲ್ಕನೆಯದು ಖರ್ಚು. ಎಂಜಿನ್ ಒಂದೇ ಬರುವುದಿಲ್ಲ, ತನ್ನ ಪರಿವಾರವನ್ನೂ ಕರೆತರುತ್ತದೆ. ಮೂಲ ಕಾರಿನ ಶಕ್ತಿ ಸುಮಾರು 95 ಅಶ್ವಶಕ್ತಿ. 1973ರಿಂದ 1976ರವರೆಗೆ ಕಾರ್ಖಾನೆಯೇ 3528 ಸಿ.ಸಿ.ಯ ರೋವರ್ ವಿ8 ಎಂಜಿನ್ ಹಾಕಿ, 137 ಅಶ್ವಶಕ್ತಿಯ ಎಂ.ಜಿ.ಬಿ. ಜಿ.ಟಿ. ವಿ8 ಮಾರಿತು. ಸುಮಾರು 2,600 ಕಾರುಗಳಷ್ಟೇ ಬಂದವು. ಈ ವಿ8 ಅಲ್ಯುಮಿನಿಯಂನದಾದ್ದರಿಂದ ತೂಕದ ತೊಂದರೆ ಹೆಚ್ಚಿಲ್ಲ. ಅದಕ್ಕೇ ಇದು ಜನಪ್ರಿಯ ಬದಲಾವಣೆ. ಆದರೂ ಗೇರ್‌ಬಾಕ್ಸ್, ರೇಡಿಯೇಟರ್, ಬ್ರೇಕು, ಎಗ್ಸಾಸ್ಟ್ ಎಲ್ಲವನ್ನೂ ನೋಡಿಕೊಳ್ಳಬೇಕು. ಕೊನೆಗೆ ಮೂಗಿಗಿಂತ ಮೂಗುತಿ ಭಾರವಾದೀತು. ಹಣ ಎಣಿಸುವ ಮೊದಲು ಬಾಗಿಲ ಕೆಳಗಿನ ಸಿಲ್‌ಗಳ ತುಕ್ಕು ಪರೀಕ್ಷಿಸಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಅದು ತುಕ್ಕು ಹಿಡಿದಿದ್ದರೆ ಎಂಜಿನ್ನಿನ ಚರ್ಚೆಯೇ ಆಮೇಲಿನದು.

ಮಧ್ಯದ ದಾರಿಯೂ ಇದೆ. ಮೂಲ ಎಂಜಿನ್ನನ್ನೇ ಸರಿಪಡಿಸಿ, ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತು ಐದು ಗೇರಿನ ಗೇರ್‌ಬಾಕ್ಸ್ ಹಾಕಿದರೆ ಮೋಟರ್‌ವೇಯಲ್ಲಿ ನೆಮ್ಮದಿ. ಹಳೆಯ ಭಾಗಗಳನ್ನು ಜೋಪಾನ ಮಾಡಿದರೆ ಯಾವತ್ತು ಬೇಕಾದರೂ ಹಿಂದಿನಂತೆ ಜೋಡಿಸಬಹುದು.

ಈ ಪ್ರಶ್ನೆ ನಮ್ಮೂರಿಗೂ ಹೊಸದಲ್ಲ. ಪೆಟ್ರೋಲ್ ದುಬಾರಿಯೆಂದು ಅಂಬಾಸಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿದವರು ಬಹಳ ಮಂದಿ. ಅದು ಶೋಕಿಯಲ್ಲ, ಹೊಟ್ಟೆಪಾಡು. ಅದನ್ನು ತಪ್ಪೆನ್ನಲಾಗದು. ಆದರೆ 2021ರಲ್ಲಿ ಭಾರತ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ವಾಹನಕ್ಕೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗದೆ ಮೂಲ ರೂಪದಲ್ಲಿರಬೇಕು. ತಾತನ ಕಾರಿನ ಮೂಲ ಎಂಜಿನ್ ಗುಜರಿಗೆ ಹೋಗಿದ್ದರೆ ಆ ಗೌರವ ಅದಕ್ಕೆ ಸಿಗುವುದು ಕಷ್ಟ.

ಹಾಗಾದರೆ ಏನು ಮಾಡಬೇಕು? ನನ್ನ ಅಳತೆಗೋಲು ಒಂದೇ: ಹಿಂದಿರುಗಲು ದಾರಿ ಇದೆಯೇ? ಬಾಡಿಯನ್ನು ಕತ್ತರಿಸದೆ, ಬೋಲ್ಟ್ ಬಿಗಿದು ಕೂರಿಸುವ ಬದಲಾವಣೆಯನ್ನು ನಾಳೆ ಬಿಚ್ಚಬಹುದು. ಕತ್ತರಿಸಿದ ತಗಡನ್ನು ಮೊದಲಿನಂತೆ ಮಾಡುವುದು ಕಷ್ಟ. ನಂಬರು ಹೊಂದುವ, ಸರಿಪಡಿಸಬಹುದಾದ ಎಂಜಿನ್ ಇದ್ದರೆ ಅದನ್ನೇ ಉಳಿಸಿ. ಬ್ಲಾಕೇ ಒಡೆದಿದ್ದರೆ ಅದೇ ಬಿ-ಸೀರೀಸ್‌ನ ಇನ್ನೊಂದನ್ನು ಹುಡುಕಿ. ಪ್ರತಿದಿನ ಓಡಿಸುವ ಆಸೆಯಿಂದ ಬೇರೆ ಎಂಜಿನ್ ಹಾಕುವುದೇ ಆದರೆ ಧೈರ್ಯವಾಗಿ ಹಾಕಿ, ಆದರೆ ಹಳೆಯದಕ್ಕೆ ಆಯಿಲ್ ಸವರಿ, ಬಟ್ಟೆ ಸುತ್ತಿ, ನಂಬರು ಬರೆದ ಚೀಟಿ ಕಟ್ಟಿ ಗ್ಯಾರೇಜಿನ ಮೂಲೆಯಲ್ಲಿಡಿ. ಮುಂದೆ ಆ ಕಾರು ಯಾರ ಕೈಗೆ ಹೋಗುತ್ತದೋ, ಅವರಿಗೂ ಆಯ್ಕೆ ಮಾಡುವ ಹಕ್ಕು ಉಳಿದಿರಲಿ.