ಹುಡುಗರ ಕೀಟಲೆಯೂ ಹಿರಿಯರ ಮೌನವೂ

ಮಕ್ಕಳಿರುವ ಮನೆಯಲ್ಲಿ ಒಮ್ಮೆಯಾದರೂ ಕೇಳಿಬರುವ ಮಾತೊಂದುಂಟು: “ನಾಳೆಯಿಂದ ನಾನು ಶಾಲೆಗೆ ಹೋಗುವುದಿಲ್ಲ.” ಏಕೆಂದು ಕೇಳಿದರೆ ಮಗುವು ಹೊಟ್ಟೆನೋವೆನ್ನುತ್ತದೆ, ಮೇಷ್ಟ್ರು ಬೈಯುತ್ತಾರೆನ್ನುತ್ತದೆ, ಇಲ್ಲವೆ ಏನನ್ನೂ ಹೇಳದೆ ಪಡಸಾಲೆಯ ಕಂಬವನ್ನು ಹಿಡಿದುಕೊಂಡು ನಿಲ್ಲುತ್ತದೆ. ನಾವು ಗದರಿಸಿ ಕಳುಹಿಸುತ್ತೇವೆ. ಅನೇಕ ವೇಳೆ ಅದು ಬರಿಯ ಸೋಮಾರಿತನವೇ ಆಗಿರುವುದೂ ನಿಜ. ಆದರೆ ಕೆಲವು ವೇಳೆ ಹಾಗಲ್ಲ. ಆ ಕೆಲವು ವೇಳೆಗಳನ್ನು ಕುರಿತು, ಮೂರು ದಶಕಗಳಿಗೂ ಮೀರಿ ಪಾಠ ಹೇಳಿ ಈಗ ದಬ್ಬೇಘಟ್ಟದಲ್ಲಿ ವಿಶ್ರಾಂತರಾಗಿರುವ ನಾವು, ನಮ್ಮ ತಪ್ಪನ್ನೂ ಮರೆಮಾಚದೆ, ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಹುಡುಗರು ಕೂಡಿದ ಕಡೆ ಕೀಟಲೆಯಿರುವುದು ಸಹಜ. ಸಮಬಲರಾದ ಇಬ್ಬರು ಬೆಳಗ್ಗೆ ಜಗಳವಾಡಿ, ಮಧ್ಯಾಹ್ನ ಒಂದೇ ಮಾವಿನಕಾಯಿಯನ್ನು ಕಚ್ಚಿ ಹಂಚಿಕೊಂಡರೆ ಅದಕ್ಕಾಗಿ ಹಿರಿಯರು ಚಿಂತಿಸಬೇಕಾದುದಿಲ್ಲ. ನಾವು ಹೇಳಹೊರಟಿರುವುದು ಬೇರೆ. ಜನರ ಮಾತಿನಲ್ಲಿ ಅದಕ್ಕೆ ‘ಗೋಳುಹೊಯ್ದುಕೊಳ್ಳುವುದು’ ಎನ್ನುತ್ತಾರೆ. ಅದಕ್ಕೆ ಮೂರು ಲಕ್ಷಣಗಳು. ಮೊದಲನೆಯದು, ಬಲದಲ್ಲಿ ಅಸಮಾನತೆ; ಎರಡನೆಯದು, ಮತ್ತೆ ಮತ್ತೆ ನಡೆಯುವುದು; ಮೂರನೆಯದು, ಎದುರಿನವನಿಗೆ ನೋಯುತ್ತದೆಂದು ತಿಳಿದ ಮೇಲೂ ಬಿಡದಿರುವುದು. ಬಲವೆಂದರೆ ತೋಳಿನ ಬಲವೇ ಆಗಬೇಕಿಲ್ಲ. ಹಣದ ಬಲ, ಜಾತಿಯ ಬಲ, ಚುರುಕುಮಾತಿನ ಬಲ, ಗುಂಪಿನ ಬಲ, ಇವೂ ಬಲಗಳೇ. ಹೊಡೆತವೂ ಬೇಕಿಲ್ಲ. ಅಡ್ಡಹೆಸರಿಡುವುದು, ಬುತ್ತಿಯನ್ನು ಕಿತ್ತುಕೊಳ್ಳುವುದು, ಪುಸ್ತಕ ಬಚ್ಚಿಡುವುದು, ಆಟಕ್ಕೆ ಸೇರಿಸದಿರುವುದು, ಗೆಳತಿಯರೆಲ್ಲ ಒಟ್ಟುಗೂಡಿ ಒಬ್ಬಳೊಡನೆ ಮಾತು ಬಿಡುವುದು, ಇಷ್ಟೇ ಸಾಕು. ಈಚೆಗೆ ಮೊಬೈಲು ಬಂದ ಮೇಲೆ ಶಾಲೆಯ ಗಂಟೆ ಹೊಡೆದರೂ ಈ ಕಾಟಕ್ಕೆ ಬಿಡುವಿಲ್ಲ. ಹಾಸಿಗೆಯವರೆಗೂ ಹಿಂಬಾಲಿಸಿಕೊಂಡು ಬರುತ್ತದೆ.

“ಹುಡುಗಾಟ, ದೊಡ್ಡವರಾದರೆ ತಾನೇ ಸರಿಹೋಗುತ್ತದೆ” ಎನ್ನುವವರು ಮಹಾಭಾರತದ ಆದಿಪರ್ವವನ್ನು ಮತ್ತೊಮ್ಮೆ ನೋಡುವುದೊಳ್ಳೆಯದು. ಬಾಲಕನಾದ ಭೀಮಸೇನನು ಕೌರವಬಾಲಕರ ಕೂದಲು ಹಿಡಿದು ಎಳೆಯುತ್ತಿದ್ದನು. ನೀರಾಟದಲ್ಲಿ ಹಲವರನ್ನು ಒಟ್ಟಿಗೆ ಅಪ್ಪಿ ಮುಳುಗಿಸುತ್ತಿದ್ದನು. ಅವರು ಹಣ್ಣು ಕೀಳಲು ಮರ ಹತ್ತಿದರೆ ಬುಡವನ್ನೊದ್ದು, ಹಣ್ಣುಗಳೊಡನೆ ಹುಡುಗರೂ ಉದುರುವಂತೆ ಮಾಡುತ್ತಿದ್ದನು. ಇದನ್ನು ದ್ವೇಷದಿಂದಲ್ಲ, ಹುಡುಗತನದಿಂದ ಮಾಡಿದನೆಂದು ವ್ಯಾಸರೇ ಹೇಳುತ್ತಾರೆ. ಆದರೆ ಉದುರಿಬಿದ್ದವರ ಲೆಕ್ಕದಲ್ಲಿ ಅದು ಹುಡುಗಾಟವಾಗಿರಲಿಲ್ಲ. ದುರ್ಯೋಧನನ ಹಗೆಯು ಅಲ್ಲಿಯೇ ಮೊಳೆಯಿತು. ಭೀಮನಿಗೆ ವಿಷವುಣಿಸಿ, ಬಳ್ಳಿಗಳಿಂದ ಕಟ್ಟಿ ಗಂಗೆಗೆ ನೂಕಿದ್ದು ಅದರ ಮೊದಲ ಫಲ. ಅರಮನೆಯಲ್ಲಿ ಹಿರಿಯರಿಗೇನೂ ಕೊರತೆಯಿರಲಿಲ್ಲ. ಮರದ ಬುಡದಲ್ಲಿ ಆ ಬಾಲಕನನ್ನು ತಡೆದು ಬುದ್ಧಿ ಹೇಳಿದ ಹಿರಿಯನೊಬ್ಬನನ್ನು ಮಾತ್ರ ನಾವು ಆ ಕಥೆಯಲ್ಲಿ ಕಂಡಿಲ್ಲ.

ಹೀಗೆಂದು ಇತರರನ್ನು ದೂರುವ ನಾವು ಮಾಡಿದ್ದೇನು? ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ಇದೇ ತೆಂಗಿನ ಸೀಮೆಯ ಒಂದು ಪ್ರೌಢಶಾಲೆಯಲ್ಲಿದ್ದೆವು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ. ತಂದೆ ಮನೆಮನೆಯಲ್ಲಿ ತೆಂಗಿನಕಾಯಿ ಸುಲಿದು ಜೀವಿಸುವವನು. ರಜೆಯ ದಿನಗಳಲ್ಲಿ ಹುಡುಗನೂ ಕೂಡ ಹೋಗುವನು. ಹಸಿ ಸಿಪ್ಪೆಯ ಕರೆ ಹತ್ತಿ ಅವನ ಅಂಗೈ ಯಾವಾಗಲೂ ಕಂದುಬಣ್ಣವಾಗಿರುತ್ತಿತ್ತು. ಹುಡುಗರು ಅವನಿಗೆ ‘ಸಿಪ್ಪೆ’ ಎಂದು ಹೆಸರಿಟ್ಟರು. ಒಂದು ದಿನ ಅವನು ರಾಮಶಬ್ದವನ್ನು ಒಪ್ಪಿಸಲಾರದೆ ನಡುವೆ ನಿಂತುಬಿಟ್ಟನು. ಹಿಂದಿನ ಸಾಲಿನಿಂದ ಯಾರೋ “ಸಿಪ್ಪೆ” ಎಂದರು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ನಕ್ಕು ಸುಮ್ಮನಾಗಲಿಲ್ಲ, “ಇರಲಿ, ಒಳಗೆ ತಿರುಳಿದೆಯೋ ಇಲ್ಲವೋ ನೋಡೋಣ” ಎಂದು ಒಂದು ಚಾಟೂಕ್ತಿಯನ್ನೂ ಸೇರಿಸಿದೆವು. ಅದು ಬಹಳ ಚೆನ್ನಾಗಿದೆಯೆಂದು ಆ ಗಳಿಗೆಯಲ್ಲಿ ನಮಗೆ ತೋರಿತು.

ಅಂದಿನಿಂದ ಆ ಹೆಸರಿಗೆ ಮೇಷ್ಟ್ರ ಮುದ್ರೆ ಬಿದ್ದಂತಾಯಿತು. ಅದುವರೆಗೆ ಮೆಲ್ಲಗೆ ಕರೆಯುತ್ತಿದ್ದವರು ಕೂಗಿ ಕರೆಯತೊಡಗಿದರು. ದಸರೆಯ ರಜ ಕಳೆದ ಮೇಲೆ ಹುಡುಗ ಬರಲಿಲ್ಲ. ಬಡತನದಿಂದ ಬಿಟ್ಟಿರಬೇಕೆಂದುಕೊಂಡು, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆವು.

ಇಂತಹ ಕಾಟವು ನಮ್ಮ ಸೀಮೆಗೇ ಮೀಸಲಾದುದಲ್ಲ. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ ೨೦೧೯ರಲ್ಲಿ ಪ್ರಕಟಿಸಿದ ವರದಿಯಂತೆ, ವಿಚಾರಣೆಗೆ ಹಿಂದಿನ ಒಂದೇ ತಿಂಗಳಲ್ಲಿ ಸಹಪಾಠಿಗಳಿಂದ ಇಂತಹ ಪೀಡನೆಯನ್ನು ಅನುಭವಿಸಿದವರು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಮೂವರಿಗೊಬ್ಬರು. ೧೯೮೨ರ ಕೊನೆಯಲ್ಲಿ ಉತ್ತರ ನಾರ್ವೆಯ ಮೂವರು ಬಾಲಕರು ತಾವಾಗಿ ಪ್ರಾಣ ಕಳೆದುಕೊಂಡರು. ಜೊತೆಗಾರರ ಪೀಡನೆಯೇ ಕಾರಣವಾಗಿರಬೇಕೆಂಬ ಸುದ್ದಿಯಿಂದ ಆ ದೇಶವೆಲ್ಲ ತಲ್ಲಣಿಸಿತು. ಮರುವರ್ಷ ಅಲ್ಲಿನ ಸರ್ಕಾರವು ದೇಶದ ಶಾಲೆಗಳಲ್ಲೆಲ್ಲ ಪೀಡನೆಯ ನಿವಾರಣೆಗೆ ತೊಡಗಿತು. ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಬರ್ಗೆನ್ ನಗರದ ೪೨ ಶಾಲೆಗಳ ಸುಮಾರು ೨,೫೦೦ ವಿದ್ಯಾರ್ಥಿಗಳನ್ನು ೧೯೮೩ರಿಂದ ೧೯೮೫ರವರೆಗೆ ಪರಿಶೀಲಿಸಿದರು. ಅಲ್ಲಿ ಮಾಡಿದ್ದು ದೊಡ್ಡ ಮಂತ್ರವೇನಲ್ಲ. ಬಿಡುವಿನ ವೇಳೆಯಲ್ಲಿ ಉಪಾಧ್ಯಾಯರು ಅಂಗಳದಲ್ಲಿರುವುದು, ತರಗತಿಗೆ ಸ್ಪಷ್ಟವಾದ ನಿಯಮಗಳು, ವಿದ್ಯಾರ್ಥಿಗಳೊಡನೆ ಕುಳಿತು ಮಾತು, ಪೀಡಿಸಿದವನನ್ನೂ ಪೀಡಿತನನ್ನೂ ಇಬ್ಬರ ಮನೆಯವರನ್ನೂ ಕಂಡು ವಿಚಾರಿಸುವುದು. ಎರಡು ವರ್ಷಗಳಲ್ಲಿ ಪೀಡನೆಯು ಅರ್ಧದಷ್ಟಾದರೂ ಇಳಿಯಿತೆಂದು ಅವರು ಕಂಡುಕೊಂಡರು.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ತಟ್ಟಿದುದು ಕೆನಡಾ ದೇಶದ ವಿದ್ವಾಂಸರು ೨೦೦೧ರಲ್ಲಿ ಪ್ರಕಟಿಸಿದ ಒಂದು ಪರಿಶೋಧನೆ. ಅವರು ಶಾಲೆಯ ಆಟದ ಬಯಲಿನಲ್ಲಿ ನಡೆಯುವುದನ್ನು ಚಿತ್ರೀಕರಿಸಿ ನೋಡಿದರು. ಪೀಡನೆಯ ನೂರು ಪ್ರಸಂಗಗಳಲ್ಲಿ ೮೮ರಲ್ಲಿ ಇತರ ಮಕ್ಕಳು ಎದುರಿಗೇ ಇದ್ದರು. ಅಡ್ಡ ಬಂದದ್ದು ೧೯ರಲ್ಲಿ ಮಾತ್ರ. ಆದರೆ ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಹತ್ತೇ ಸೆಕೆಂಡುಗಳೊಳಗೆ ಕಾಟ ನಿಂತುಹೋಯಿತು! ಇದರ ತಾತ್ಪರ್ಯವೇನು? ಗೋಳುಹೊಯ್ದುಕೊಳ್ಳುವವನಿಗೆ ಬೇಕಾದುದು ಪೀಡಿತನ ಕಣ್ಣೀರಿಗಿಂತಲೂ ನೋಡುವವರ ನಗೆ. ಆ ನಗೆ ನಿಂತರೆ ಆಟವೂ ನಿಲ್ಲುತ್ತದೆ. ಅಂದು ತರಗತಿಯಲ್ಲಿ ನಾವೊಬ್ಬರು ನಗದಿದ್ದರೆ ಸಾಕಾಗಿತ್ತು.

ಮತ್ತೊಂದು ಸಂಗತಿಗೂ ಮಹಾಭಾರತವೇ ಸಾಕ್ಷಿ. ರಾಜಕುಮಾರರ ಅಸ್ತ್ರಪರೀಕ್ಷೆಯ ರಂಗದಲ್ಲಿ ಕರ್ಣನನ್ನು ಕುಲ ಕೇಳಿದರು. ವೃದ್ಧನಾದ ಅಧಿರಥನು ಬೆವರುತ್ತ ಬಂದಾಗ ಕರ್ಣನು ಅವನಿಗೆ ತಲೆಬಾಗಿದನು. ಅದನ್ನು ಕಂಡ ಭೀಮನು, ಬಿಲ್ಲು ನಿನಗೇಕೆ, ನಿನ್ನ ಕುಲಕ್ಕೆ ತಕ್ಕ ಚಾವಟಿಯನ್ನು ಹಿಡಿ ಎಂಬರ್ಥದ ಮಾತಿನಿಂದ ಹೀಯಾಳಿಸಿದನು. ಸಭೆಯಲ್ಲಿ ಭೀಷ್ಮರಿದ್ದರು, ದ್ರೋಣರಿದ್ದರು, ಕೃಪರಿದ್ದರು. ಕರ್ಣನ ಪರವಾಗಿ ಎದ್ದು ಮಾತನಾಡಿದವನು ದುರ್ಯೋಧನನೊಬ್ಬನೇ. ಕರ್ಣನು ಕಡೆಯವರೆಗೂ ಯಾರ ಋಣದಲ್ಲಿ ನಿಂತನೆಂಬುದು ಎಲ್ಲರಿಗೂ ವಿದಿತ. ನೊಂದ ಹುಡುಗನ ಪಕ್ಕಕ್ಕೆ ಸಜ್ಜನರು ಬಾರದಿದ್ದರೆ, ಮೊದಲು ಬಂದವನು ಯಾರೇ ಆಗಲಿ, ಹುಡುಗನು ಅವನವನಾಗುತ್ತಾನೆ. ಬೀಡಿಯ ಗೆಳೆಯನೋ ಇಸ್ಪೀಟಿನ ಗೆಳೆಯನೋ ಯಾರಾದರೂ ಸರಿ.

ಕಾನೂನು ಇಲ್ಲವೆಂದಲ್ಲ. ೧೯೯೫ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯು, ತಮಾಷೆಯ ನೆಪದಿಂದಲಾದರೂ ಸರಿಯೆ, ವಿದ್ಯಾರ್ಥಿಯನ್ನು ಬೆದರಿಸಿ ಬಲವಂತದಿಂದ ಅವನ ಮಾನಕ್ಕೆ ಕುಂದು ತರುವುದನ್ನೂ ನಗೆಪಾಟಲಿಗೆ ಗುರಿಮಾಡುವುದನ್ನೂ ಅಪರಾಧವೆಂದು ಹೇಳುತ್ತದೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಮಗುವಿಗೆ ದೇಹದಂಡನೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; ಉಪಾಧ್ಯಾಯರ ಚಾಟೂಕ್ತಿಗಳೂ ಅದರೊಳಗೆ ಬಾರದೆ ಹೋಗಲಾರವು. ಆದರೆ ಕಾನೂನಿನ ಬಾಗಿಲಿಗೆ ಹೋಗುವ ಮುಂಚೆ ಮನೆಯ ಬಾಗಿಲಿನಲ್ಲಿಯೇ ಮಾಡತಕ್ಕದ್ದು ಬಹಳವಿದೆ.

ಅಟ್ಟದಲ್ಲಿಟ್ಟ ಕಾಯಿಯು ಹೊರಗಿನಿಂದ ನೋಡಿದರೆ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಒಳಗೆ ನೀರು ಇಂಗಿತೆಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿದವರಿಗೇ ತಿಳಿಯುವುದು. ಮಕ್ಕಳ ಸಂಗತಿಯೂ ಅಂತಹುದೇ. ಬೆಳಗಾದರೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಹರಿದ ಪುಸ್ತಕ, ಕಳೆದುಹೋದ ಲೇಖನಿ. ಬುತ್ತಿ ಕೊಂಡುಹೋಗಿಯೂ ಹಸಿದು ಬರುವುದು. ಕಾರಣವಿಲ್ಲದೆ ಹಣ ಕೇಳುವುದು. ನೆಟ್ಟನೆಯ ದಾರಿ ಬಿಟ್ಟು ತೋಟದ ಬೇಲಿ ಸುತ್ತಿ ಬರುವುದು. ಮೊಬೈಲು ನೋಡಿದೊಡನೆ ಮುಖ ಬಾಡುವುದು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ವಿಚಾರಿಸಬೇಕು. “ನಿನ್ನನ್ನು ಯಾರು ಹೊಡೆದರು?” ಎಂದು ಕೇಳಿದರೆ ಉತ್ತರ ಬಾರದು. “ಇವತ್ತು ಬಿಸಿಯೂಟಕ್ಕೆ ಯಾರ ಪಕ್ಕದಲ್ಲಿ ಕುಳಿತೆಯಪ್ಪ?” ಎಂದು ಕೇಳಿ ನೋಡಿರಿ. ಯಾರೂ ಇಲ್ಲವೆಂಬ ಉತ್ತರ ದಿನದಿನವೂ ಬಂದರೆ ಅದರಲ್ಲೇ ಬಹಳ ವಿಷಯ ತಿಳಿಯುತ್ತದೆ.

ಹೇಳಿಕೊಂಡ ಮಗುವಿಗೆ “ನೀನೂ ತಿರುಗಿಸಿ ಹೊಡೆ” ಎನ್ನಬಾರದು. ಹೊಡೆಯುವ ಶಕ್ತಿಯಿದ್ದಿದ್ದರೆ ಅದು ನಿಮ್ಮ ಬಳಿಗೆ ಬರುತ್ತಲೇ ಇರಲಿಲ್ಲ. “ನೀನೇನು ಮಾಡಿದ್ದೆ?” ಎಂದು ಮೊದಲೇ ಪಾಟೀಸವಾಲು ಹಾಕಬಾರದು. ತಪ್ಪು ನಿನ್ನದಲ್ಲವೆಂದು ಬಾಯಿಬಿಟ್ಟು ಹೇಳಬೇಕು. ಮೊಬೈಲಿನಲ್ಲಿ ಬಂದ ಕೆಟ್ಟ ಮಾತುಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು; ಅದಕ್ಕಾಗಿ ಮಗುವಿನ ಮೊಬೈಲನ್ನೇ ಕಿತ್ತುಕೊಂಡರೆ ಮುಂದಿನ ಸಲ ಅದು ಹೇಳುವುದಿಲ್ಲ. ಎದುರು ಮನೆಗೆ ಜಗಳಕ್ಕೆ ಹೋಗದೆ, ನಡೆದ ದಿನ, ಸ್ಥಳಗಳನ್ನು ಬರೆದುಕೊಂಡು ತರಗತಿಯ ಉಪಾಧ್ಯಾಯರನ್ನು, ಅನಂತರ ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಅಲ್ಲಿ ಕೆಲಸವಾಗದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು, ಕ್ಷೇತ್ರಶಿಕ್ಷಣಾಧಿಕಾರಿಗಳುಂಟು. ಮಕ್ಕಳ ಸಹಾಯವಾಣಿಯಾದ ೧೦೯೮ಕ್ಕೆ ಯಾವ ಹೊತ್ತಿನಲ್ಲಿಯಾದರೂ ಖರ್ಚಿಲ್ಲದೆ ಕರೆಮಾಡಬಹುದು. ಉಪಾಧ್ಯಾಯ ಮಿತ್ರರಿಗೆ ಒಂದು ಬಿನ್ನಹ: ಇಬ್ಬರನ್ನೂ ಎದುರೆದುರು ನಿಲ್ಲಿಸಿ ಕೈಕುಲುಕಿಸಿ ಕಳುಹಿಸಬೇಡಿರಿ. ಅಸಮಾನರ ರಾಜಿಯ ಸಾಲವನ್ನು ದುರ್ಬಲನೇ ಸಂಜೆ ದಾರಿಯಲ್ಲಿ ತೀರಿಸಬೇಕಾಗುತ್ತದೆ. ಬೇರೆ ಬೇರೆಯಾಗಿ ಕರೆದು ಮಾತನಾಡಿರಿ. ನಗುತ್ತ ನಿಂತಿದ್ದವರನ್ನೂ ಕರೆಯಿರಿ.

ಕಾಟ ಕೊಡುವ ಹುಡುಗನ ತಂದೆತಾಯಿಗಳಿಗೂ ಒಂದು ಮಾತು. ದೂರು ಬಂದೊಡನೆ “ನಮ್ಮವನು ಅಂಥವನಲ್ಲ” ಎನ್ನುವುದೂ, ಬೆತ್ತ ತೆಗೆದುಕೊಂಡು ಬಾರಿಸುವುದೂ ಎರಡೂ ನಿಷ್ಫಲ. ಬಲವುಳ್ಳವನು ಹೊಡೆಯಬಹುದೆಂಬ ಪಾಠವನ್ನೇ ಬೆತ್ತವು ಮತ್ತೆ ಕಲಿಸುತ್ತದೆ. ಮಗನು ಆ ಮಾತನ್ನು ಎಲ್ಲಿ ಕಲಿತನೆಂದು ನೋಡಿಕೊಳ್ಳಬೇಕು. ಜಗಲಿಯ ಮೇಲೆ ಕುಳಿತು, ದಾರಿಯಲ್ಲಿ ಹೋಗುವವರನ್ನು ಜಾತಿಯಿಂದ, ಕಸುಬಿನಿಂದ, ಕುಂಟು ಕುರುಡಿನಿಂದ ಹೆಸರಿಸಿ ನಗುವ ನಾವುಗಳೇ ಮಕ್ಕಳಿಗೆ ಈ ವಿದ್ಯೆಯ ಮೊದಲ ಗುರುಗಳು. ಹಾಗೆಯೇ, ಕಾಟ ಕೊಡದ, ಕಾಟ ಪಡದ ಹೆಚ್ಚು ಪಾಲು ಮಕ್ಕಳಿಗೂ ಮನೆಯಲ್ಲಿ ಹೇಳಿಕೊಡತಕ್ಕದ್ದುಂಟು: ನಗಬೇಡ, ಒಂಟಿಯಾದವನ ಪಕ್ಕದಲ್ಲಿ ಹೋಗಿ ಕೂರು, ದೊಡ್ಡವರಿಗೆ ತಿಳಿಸು, ಅದು ಚಾಡಿಯಲ್ಲ.

ನಾವು ವಿಶ್ರಾಂತಿ ಪಡೆಯುವುದಕ್ಕೆ ಕೆಲವು ತಿಂಗಳು ಮುಂಚೆ, ಒಂದು ಜೂನ್ ಮಾಸದ ಬೆಳಗ್ಗೆ, ಗೃಹಸ್ಥನೊಬ್ಬನು ಮಗನನ್ನು ಎಂಟನೆಯ ತರಗತಿಗೆ ಸೇರಿಸಲು ಬಂದನು. ಅವನು ನಮ್ಮನ್ನು ಗುರುತಿಸಿದನು; ನಮಗೆ ಗುರುತು ಹತ್ತಲಿಲ್ಲ. ಅರ್ಜಿಗೆ ಸಹಿಮಾಡಲು ಕೈಯೂರಿದಾಗ ಅಂಗೈಯ ಬಣ್ಣ ಕಾಣಿಸಿತು. ಸಹಿಯಾದ ಮೇಲೆ ಆತನು ತಗ್ಗಿದ ದನಿಯಲ್ಲಿ, “ಮೇಷ್ಟ್ರೇ, ಓದು ಹೆಚ್ಚುಕಮ್ಮಿಯಾದರೆ ಆಗಲಿ. ಇವನನ್ನು ಇವನ ಹೆಸರು ಹಿಡಿದೇ ಕರೆಯೋ ಹಾಗೆ ನೋಡ್ಕಳಿ ಸ್ವಾಮಿ” ಎಂದನು. ನಾವು, “ಅಪ್ಪಾ, ಆ ದಿನ ನಾವು ನಗಬಾರದಾಗಿತ್ತು” ಎಂದೆವು. “ಅಯ್ಯೋ, ಬಿಡಿ ಸ್ವಾಮಿ, ಹಳೇ ಮಾತು” ಎಂದು ಆತನು ಕಿಟಕಿಯಾಚೆ ನೋಡತೊಡಗಿದನು. ಯಾವ ದಿನವೆಂದು ಮಾತ್ರ ಕೇಳಲಿಲ್ಲ.

ಉಳಿದ ತಿಂಗಳುಗಳಲ್ಲಿ ಆ ಹುಡುಗನ ಹೆಸರನ್ನು ದಿನವೂ ಪೂರ್ತಿಯಾಗಿ ಕರೆದು ಹಾಜರಿ ಹಾಕಿದೆವು. ಅವನ ತಂದೆಯ ಹೆಸರನ್ನು ಹಾಗೆ ಕರೆಯಬೇಕಾಗಿದ್ದ ದಿನಗಳು ಹಿಂದಿರುಗಿ ಬರಲಿಲ್ಲ.