ಓದಿ ಹೇಳಿ ಕೇಳಿ, ಸರಿ ಇದೆ

ಒಂದು ದೃಶ್ಯ ಕಲ್ಪಿಸಿಕೊಳ್ಳಿ. ಇದು ಯಾವುದೇ ನಿಜವಾದ ಕೇಸ್ ಅಲ್ಲ, ವಿಷಯ ಅರ್ಥ ಆಗಲಿ ಅಂತ ನಾನೇ ಕಟ್ಟಿದ್ದು. ಒಂದು ಕೋರ್ಟ್ ಹಾಲ್. ಕಟಕಟೆಯಲ್ಲಿ ಅರವತ್ತೈದು ದಾಟಿದ ಒಬ್ಬ ರೈತ, ಕೊಲೆ ಕೇಸಿನ ಸಾಕ್ಷಿ. ಸರ್ಕಾರಿ ವಕೀಲರು ಕೇಳ್ತಾರೆ: "ಯಜಮಾನ್ರೇ, ಆ ರಾತ್ರಿ ಯಾರನ್ನ ನೋಡಿದ್ರಿ?" ಅವರು ಹೇಳ್ತಾರೆ: "ಕತ್ಲಿತ್ತು ಸ್ವಾಮಿ. ಅವನೇ ಓಡೋದಂಗೆ ಕಂಡಂಗಾಯ್ತು."

ನ್ಯಾಯಾಧೀಶರು ಪಕ್ಕದಲ್ಲಿ ಕೂತಿರೋ ಬೆರಳಚ್ಚುಗಾರರ ಕಡೆ ತಿರುಗಿ ಹೇಳಿ ಬರೆಸುತ್ತಾರೆ: "ಆರೋಪಿಯು ಓಡಿಹೋಗುವುದನ್ನು ನಾನು ನೋಡಿದೆ."

ಎರಡೂ ವಾಕ್ಯ ಇನ್ನೊಂದು ಸಲ ಓದಿ. ಮೊದಲನೆಯದರಲ್ಲಿ ಕತ್ತಲೆ ಇದೆ, ಅನುಮಾನ ಇದೆ. ಎರಡನೆಯದರಲ್ಲಿ ಎರಡೂ ಇಲ್ಲ. "ಕಂಡಂಗಾಯ್ತು" ಅನ್ನೋದಕ್ಕೂ "ನೋಡಿದೆ" ಅನ್ನೋದಕ್ಕೂ ನಡುವೆ ಒಬ್ಬ ಮನುಷ್ಯನ ಜೀವಾವಧಿ ಶಿಕ್ಷೆ ನಿಂತಿರಬಹುದು.

ಸಿನಿಮಾ ನೋಡಿ ಬೆಳೆದ ನಮಗೆಲ್ಲ ಒಂದು ಭಾವನೆ ಇದೆ. ಕೋರ್ಟಲ್ಲಿ ಆಡಿದ ಒಂದೊಂದು ಮಾತೂ ಹಾಗೇ ದಾಖಲಾಗುತ್ತೆ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ವಾಸ್ತವ ಹಾಗಿಲ್ಲ. ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ವಕೀಲರ ವಾದವನ್ನು ಪದ ಬಿಡದೆ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಸಾಕ್ಷಿಯ ಮಾತು ದಾಖಲಾಗುತ್ತೆ, ನಿಜ. ಆದರೆ ಅವರು ಆಡಿದ ಹಾಗೆ ಅಲ್ಲ, ನ್ಯಾಯಾಧೀಶರು ಹೇಳಿ ಬರೆಸಿದ ಹಾಗೆ.

ಇದು ಯಾರೋ ಮಾಡ್ತಿರೋ ತಪ್ಪು ಅಂದುಕೊಳ್ಳಬೇಡಿ, ಕಾನೂನೇ ಹಾಗಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಅದೇ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ ಇದೆ. ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆಯಬೇಕು. ಬೇಕು ಅನಿಸಿದ ಭಾಗವನ್ನು ಮಾತ್ರ ಪ್ರಶ್ನೋತ್ತರವಾಗಿ ಬರೆಸಬಹುದು. ಅಂದರೆ ಪ್ರಶ್ನೆ ಮಾಯ ಆಗುತ್ತೆ, ಉತ್ತರ ಕಥೆಯಾಗುತ್ತೆ. ಇದಕ್ಕೆ ಕಾರಣವೂ ಇದೆ. ಎಲ್ಲಾ ಪ್ರಶ್ನೆ, ಎಲ್ಲಾ ಉತ್ತರ ಬರೆಯುತ್ತಾ ಕೂತರೆ ಒಬ್ಬ ಸಾಕ್ಷಿಗೆ ಮೂರು ದಿನ ಬೇಕು. ಹೊರಗಡೆ ಬೆಂಚ್ ಕ್ಲರ್ಕ್ ಕೈಯಲ್ಲಿ ಅವತ್ತಿನ ಕೇಸುಗಳ ಪಟ್ಟಿ ನೋಡಿದ್ದರೆ ನ್ಯಾಯಾಧೀಶರ ಅವಸರ ಅರ್ಥ ಆಗುತ್ತೆ.

ಆದರೆ ಪಾಟಿ ಸವಾಲಿನಲ್ಲಿ ಏನಾಗುತ್ತೆ ನೋಡಿ. ಆರೋಪಿ ಪರ ವಕೀಲರು ಕೇಳ್ತಾರೆ: "ನಿಮಗೂ ಇವರಿಗೂ ಜಮೀನಿನ ಗಲಾಟೆ ಇತ್ತು ಅಲ್ವಾ?" ನಮ್ಮ ರೈತರು ಹೇಳ್ತಾರೆ: "ಇತ್ತು ಸ್ವಾಮಿ, ಅದು ಅವರಪ್ಪನ ಕಾಲದ್ದು, ಮುಗ್ದೋಗಿ ಇಪ್ಪತ್ತು ವರ್ಷ ಆಯ್ತು." ದಾಖಲೆಯಲ್ಲಿ ಬರೋದು: "ನನಗೂ ಆರೋಪಿಗೂ ಜಮೀನಿನ ವಿಷಯದಲ್ಲಿ ತಕರಾರು ಇತ್ತು ಎಂದರೆ ಸರಿ." ಇಪ್ಪತ್ತು ವರ್ಷ ಎಲ್ಲಿ ಹೋಯ್ತು? ಅವರಪ್ಪ ಎಲ್ಲಿ ಹೋದರು? ಕನ್ನಡದಲ್ಲಿ ಬರೆದ ಯಾವುದಾದರೂ ಸಾಕ್ಷಿ ಹೇಳಿಕೆ ತೆಗೆದು ನೋಡಿ. ಪಾಟಿ ಸವಾಲಿನ ಪುಟಗಳ ತುಂಬಾ "ಎಂದರೆ ಸರಿ", "ಎಂದರೆ ಸರಿಯಲ್ಲ". ಈ ಮಾತು ಯಾವ ಸಾಕ್ಷಿಯ ಬಾಯಲ್ಲೂ ಹುಟ್ಟಿದ್ದಲ್ಲ. ಅದು ಕೋರ್ಟಿನ ಕನ್ನಡ. "ಗೊತ್ತಾಗ್ಲಿಲ್ಲ", "ಗೊತ್ತಿಲ್ಲ", "ನೆನಪಿಲ್ಲ" ಇವು ಮೂರೂ ಬೇರೆ ಬೇರೆ ಉತ್ತರ. ಅವಸರದಲ್ಲಿ ಮೂರೂ ಸೇರಿ "ನನಗೆ ಗೊತ್ತಿಲ್ಲ" ಆಗಿಬಿಡಬಹುದು.

ಅಲ್ಲಿಗೆ ಮುಗಿಯೋದಿಲ್ಲ. ವಿಚಾರಣೆಯ ಮಧ್ಯೆ ನ್ಯಾಯಾಧೀಶರಿಗೆ ವರ್ಗಾವಣೆ ಆಗಬಹುದು. ಆಗ ಹೊಸದಾಗಿ ಬಂದವರು, ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೇ ತೀರ್ಪು ಕೊಡೋದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಅವರು ಆ ರೈತನ ಮುಖ ನೋಡಿಲ್ಲ, ದನಿ ಕೇಳಿಲ್ಲ. ಕಾಗದ ಮಾತ್ರ ಅವರ ಮುಂದಿದೆ. ಮೇಲ್ಮನವಿ ಹೈಕೋರ್ಟಿಗೆ ಹೋದರೆ ಅಲ್ಲಿಯೂ ಕಾಗದ. ಸುಪ್ರೀಂ ಕೋರ್ಟಿಗೆ ಹೋದರೆ ಆ ಕಾಗದದ ಇಂಗ್ಲಿಷ್ ಅನುವಾದ. ಸಂವಿಧಾನದ 348ನೇ ವಿಧಿಯ ಪ್ರಕಾರ ಅಲ್ಲಿನ ಭಾಷೆ ಇಂಗ್ಲಿಷ್. ಹಳ್ಳಿ ಕನ್ನಡದಿಂದ ಕೋರ್ಟಿನ ಕನ್ನಡಕ್ಕೆ, ಅಲ್ಲಿಂದ ದೆಹಲಿಯ ಇಂಗ್ಲಿಷಿಗೆ. ಇಷ್ಟು ದೂರ ಪ್ರಯಾಣ ಮಾಡಿದ ಮೇಲೆ "ಕಂಡಂಗಾಯ್ತು" ಅನ್ನೋ ಮಾತಿನಲ್ಲಿ ಏನು ಉಳಿದಿರುತ್ತೆ?

ಇನ್ನು ಬರೆಯುವವರ ಬಗ್ಗೆ. ಕೋರ್ಟಲ್ಲಿ ಇವರನ್ನು ಸ್ಟೆನೋ ಅಂತಾರೆ, ಸರ್ಕಾರಿ ಭಾಷೆಯಲ್ಲಿ ಶೀಘ್ರಲಿಪಿಗಾರರು. ನಮ್ಮಲ್ಲಿ ಬಳಕೆಯಲ್ಲಿರೋ ಶೀಘ್ರಲಿಪಿಯ ಮೂಲ ಐಸಾಕ್ ಪಿಟ್ಮನ್ 1837ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಪದ್ಧತಿ. ಅದು ಕಾಗುಣಿತವನ್ನು ಬರೆಯೋದಿಲ್ಲ, ಶಬ್ದವನ್ನು ಬರೆಯುತ್ತೆ. ತೆಳು ಗೆರೆ ಎಳೆದರೆ ಪ, ಅದೇ ಗೆರೆಯನ್ನು ಒತ್ತಿ ದಪ್ಪ ಎಳೆದರೆ ಬ. ವೇಗ ಹೆಚ್ಚಾದ ಹಾಗೆ ಸ್ವರಗಳನ್ನೇ ಬಿಟ್ಟುಬಿಡ್ತಾರೆ, ಗೆರೆ ಸಾಲಿನ ಮೇಲಿದೆಯೋ ಕೆಳಗಿದೆಯೋ ಅನ್ನೋದರಿಂದ ಸ್ವರ ಊಹಿಸ್ತಾರೆ. ಇಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಅಪ್ಪಟ ಡೇಟಾ ಕಂಪ್ರೆಷನ್ ಥರ ಕಾಣುತ್ತೆ, ಕಂಪ್ಯೂಟರ್ ಹುಟ್ಟೋದಕ್ಕೆ ನೂರು ವರ್ಷ ಮುಂಚಿನದ್ದು. ಕನ್ನಡದಲ್ಲಿ ಇನ್ನೊಂದು ಕಷ್ಟ ಇದೆ. "ಬಂದಿದ್ದರಂತೆ" ಅನ್ನೋದು ನಮಗೆ ಒಂದೇ ಪದ. ಅದರೊಳಗೆ ಬಂದದ್ದೂ ಇದೆ, ಯಾರೋ ಹೇಳಿ ಕೇಳಿದ್ದೂ ಇದೆ. ಕೊನೆಯ "ಅಂತೆ" ಬಿಟ್ಟುಹೋದರೆ ಕಿವಿಮಾತು ಕಣ್ಣಾರೆ ಕಂಡ ಸಾಕ್ಷ್ಯ ಆಗಿಬಿಡುತ್ತೆ.

ಅಮೆರಿಕದಲ್ಲಿ ಈ ಕೆಲಸದ ದಾರಿಯೇ ಬೇರೆ. ಅಲ್ಲಿ ಕೋರ್ಟ್ ರಿಪೋರ್ಟರ್ ಅನ್ನೋದು ಸ್ವತಂತ್ರ ವೃತ್ತಿ. ಅವರ ಮುಂದೆ ಸ್ಟೆನೋಟೈಪ್ ಅನ್ನೋ ಪುಟ್ಟ ಯಂತ್ರ ಇರುತ್ತೆ, ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಕೀಲಿಗಳು ಅಷ್ಟೇ. ಹಾರ್ಮೋನಿಯಂನಲ್ಲಿ ಎರಡು ಮೂರು ಮನೆ ಒಟ್ಟಿಗೆ ಒತ್ತಿದ ಹಾಗೆ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತುತ್ತಾರೆ. ಎಡಗೈಯಲ್ಲಿ ಮೊದಲ ವ್ಯಂಜನ, ಹೆಬ್ಬೆರಳುಗಳಲ್ಲಿ ಸ್ವರ, ಬಲಗೈಯಲ್ಲಿ ಕೊನೆಯ ವ್ಯಂಜನ. ಒಂದು ಒತ್ತಿಗೆ ಒಂದು ಉಚ್ಚಾರ. ಅಲ್ಲಿನ ನ್ಯಾಷನಲ್ ಕೋರ್ಟ್ ರಿಪೋರ್ಟರ್ಸ್ ಅಸೋಸಿಯೇಷನ್ 1899ರಿಂದ ಇದೆ. ಅದರ ವೃತ್ತಿ ಪ್ರಮಾಣಪತ್ರ ಬೇಕು ಅಂದರೆ ಪ್ರಶ್ನೋತ್ತರವನ್ನು ನಿಮಿಷಕ್ಕೆ 225 ಪದದ ವೇಗದಲ್ಲಿ, ನೂರಕ್ಕೆ 95ರಷ್ಟು ಸರಿಯಾಗಿ ಬರೆಯಬೇಕು. ಪ್ರಶ್ನೆಯೂ ದಾಖಲೆ, ಉತ್ತರವೂ ದಾಖಲೆ, ಮಧ್ಯೆ ವಕೀಲರು ಎದ್ದು ಆಕ್ಷೇಪಿಸಿದ್ದೂ ದಾಖಲೆ. ನ್ಯಾಯಾಧೀಶರು ಹೇಳಿ ಬರೆಸೋದಿಲ್ಲ.

ಅವರಲ್ಲಿ ನನಗೆ ಹಿಡಿಸಿದ್ದು ಯಂತ್ರಕ್ಕಿಂತ ಇನ್ನೊಂದು ವಿಷಯ. ಪದೇ ಪದೇ ಬರುವ ಮಾತುಗಳಿಗೆ ಪ್ರತಿಯೊಬ್ಬ ರಿಪೋರ್ಟರ್ ತನ್ನದೇ ಸಂಕ್ಷೇಪ ಮಾಡಿಕೊಂಡಿರ್ತಾರೆ. ಅದನ್ನು ಗುಟ್ಟಾಗಿ ಇಟ್ಟುಕೊಳ್ಳೋದಿಲ್ಲ, ಆನ್‌ಲೈನ್‌ನಲ್ಲಿ ಒಬ್ಬರಿಗೊಬ್ಬರು ಹಂಚಿಕೊಳ್ತಾರೆ. ವೈದ್ಯಕೀಯ ಪದ ಬಂದರೆ ಹೇಗೆ, ಸಾಕ್ಷಿ ಅಳ್ತಾ ಮಾತಾಡಿದರೆ ಹೇಗೆ, ಎಲ್ಲಾ ಚರ್ಚೆ ಮಾಡ್ತಾರೆ. ದುಬಾರಿ ಯಂತ್ರ ಕೊಳ್ಳೋಕೆ ಆಗದವರಿಗೆ ಅಂತ ಪ್ಲೋವರ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಎಷ್ಟೋ ಜನ ಮನೆಯ ಸಾಧಾರಣ ಕೀಬೋರ್ಡಿನಲ್ಲೇ ಅದರಿಂದ ಅಭ್ಯಾಸ ಮಾಡ್ತಾರೆ. ನಮ್ಮಲ್ಲಿ ಈ ವಿದ್ಯೆ ಹರಿದು ಬಂದಿದ್ದು ಟೈಪಿಂಗ್ ಇನ್ಸ್‌ಟಿಟ್ಯೂಟ್‌ಗಳ ಬೆಂಚಿನ ಮೇಲೆ, ಗುರುಗಳ ಕೈಬರಹ ನೋಡಿ. ಮೂವತ್ತು ವರ್ಷ ಕೋರ್ಟಲ್ಲಿ ಕೂತ ಸ್ಟೆನೋ ಒಬ್ಬರಿಗೆ ಯಾವ ಸೀಮೆಯ ಸಾಕ್ಷಿ ಯಾವ ಮಾತಿಗೆ ಏನು ಅರ್ಥ ಇಟ್ಟಿರ್ತಾನೆ ಅನ್ನೋದು ಗೊತ್ತಿರುತ್ತೆ. ಅವರು ನಿವೃತ್ತರಾದ ದಿನ ಆ ತಿಳಿವಳಿಕೆ ಅವರ ಜೊತೆ ಮನೆಗೆ ಹೋಗುತ್ತೆ. ಕನ್ನಡದ ಶೀಘ್ರಲಿಪಿಗಾರರೆಲ್ಲ ಸೇರಿ ಒಂದು ಪದಕೋಶ ಮಾಡಿದರೆ, ಅದರಲ್ಲಿ ಬೀದರಿನ ಮಾತೂ ಮಡಿಕೇರಿಯ ಮಾತೂ ಇದ್ದರೆ, ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಿಕ್ಕಿಲ್ಲ.

"ಈಗ ಎಐ ಬಂದಿದೆಯಲ್ಲ, ಸ್ಟೆನೋ ಯಾಕೆ ಬೇಕು?" ಅಂತ ನೀವು ಕೇಳಬಹುದು. ಬಂದಿದೆ, ನಿಜ. 2023ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಮಹಾರಾಷ್ಟ್ರದ ಶಿವಸೇನೆ ಪ್ರಕರಣದ ವಿಚಾರಣೆ ನಡೆಯುವಾಗ, ವಾದ ಆಡಿದ ಹಾಗೇ ಪರದೆಯ ಮೇಲೆ ಅಕ್ಷರವಾಗಿ ಮೂಡಿತು. ಆ ತಂತ್ರಜ್ಞಾನ ನಮ್ಮ ಬೆಂಗಳೂರಿನ ಕಂಪನಿಯದ್ದೇ, ಹೆಸರು ಟೆರೆಸ್. ನಾವೂ ಚಾನೆಲ್‌ನಲ್ಲಿ ಖುಷಿಯಿಂದ ಸುದ್ದಿ ಮಾಡಿದ್ವಿ. ಆದರೆ ಅಲ್ಲಿ ಮಾತಾಡಿದ್ದು ಯಾರು? ಮೈಕ್ ಮುಂದೆ, ಇಂಗ್ಲಿಷಿನಲ್ಲಿ, ಹಿರಿಯ ವಕೀಲರು. ಅದು ವಾದ, ಸಾಕ್ಷ್ಯ ಅಲ್ಲ. ಸಾಕ್ಷಿ ಮಾತಾಡೋದು ಫ್ಯಾನ್ ಸದ್ದಿನ ಕೋರ್ಟ್ ಹಾಲಿನಲ್ಲಿ, ತನ್ನ ಸೀಮೆಯ ಕನ್ನಡದಲ್ಲಿ, ಕೆಲವು ಸಲ ತುಳುವಿನಲ್ಲಿ, ಲಂಬಾಣಿಯಲ್ಲಿ, ಉರ್ದುವಿನಲ್ಲಿ.

ಪಕ್ಕದ ಕೇರಳ ಒಂದು ಹೆಜ್ಜೆ ಮುಂದೆ ಹೋಗಿದೆ. ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿಕೆ ದಾಖಲಿಸೋಕೆ ಅದಾಲತ್ ಎಐ ಅನ್ನೋ ತಂತ್ರಾಂಶವನ್ನು 2025ರ ನವೆಂಬರ್ 1ರಿಂದ ಬಳಸಬೇಕು ಅಂತ ಅಲ್ಲಿನ ಹೈಕೋರ್ಟ್ ಸೂಚಿಸಿತು. ಅದಕ್ಕೆ ಮುಂಚೆ, ಅದೇ ವರ್ಷದ ಜುಲೈನಲ್ಲಿ, ಎಐ ಬಳಕೆಗೆ ಒಂದು ನೀತಿಯನ್ನೂ ತಂದಿತ್ತು. ತೀರ್ಪು ಕೊಡೋದಕ್ಕೆ ಎಐ ಬಳಸುವಂತಿಲ್ಲ, ಮನುಷ್ಯರ ಮೇಲ್ವಿಚಾರಣೆ ಇರಲೇಬೇಕು ಅನ್ನೋದು ಅದರ ಸಾರ. ಈ ಕ್ರಮ ಸರಿಯಾದದ್ದು ಅಂತ ನನ್ನ ಅಭಿಪ್ರಾಯ.

ಯಾಕೆ ಅಂದರೆ ಯಂತ್ರ ಕೇಳಿಸಿಕೊಳ್ಳುವ ರೀತಿ ಹೀಗಿದೆ. ಮೊದಲು ಶಬ್ದವನ್ನು ಚೂರು ಮಾಡಿ, ಇದು ಯಾವ ಅಕ್ಷರ ಇರಬಹುದು ಅಂತ ಲೆಕ್ಕ ಹಾಕುತ್ತೆ. ಆಮೇಲೆ, ತಾನು ಕಲಿತ ಲಕ್ಷಾಂತರ ವಾಕ್ಯಗಳ ಆಧಾರದ ಮೇಲೆ, ಈ ಜಾಗದಲ್ಲಿ ಯಾವ ಪದ ಬರುವ ಸಾಧ್ಯತೆ ಹೆಚ್ಚು ಅಂತ ನೋಡುತ್ತೆ. ಅದು ಕಲಿತ ವಾಕ್ಯಗಳಲ್ಲಿ "ನೋಡಿದೆ" ಸಾವಿರ ಸಲ ಬಂದು, "ಕಂಡಂಗಾಯ್ತು" ಒಂದೂ ಸಲ ಬಂದಿಲ್ಲ ಅಂದರೆ, ಯಾವುದರ ಕಡೆ ವಾಲುತ್ತೆ? ತಪ್ಪು ಮಾಡಿದಾಗಲೂ ಅದು ಚೆಂದದ, ನಯವಾದ ವಾಕ್ಯವನ್ನೇ ಬರೆಯುತ್ತೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳೋದಿಲ್ಲ. ಸ್ಟೆನೋ ಆದರೆ ತಲೆ ಎತ್ತಿ "ಏನಂದ್ರಿ ಯಜಮಾನ್ರೇ, ಇನ್ನೊಂದ್ಸಲ ಹೇಳಿ" ಅಂತಾರೆ. ಯಂತ್ರಕ್ಕೆ ಆ ಅನುಮಾನ ಹುಟ್ಟೋದು ಕಡಿಮೆ.

ಹಾಗಂತ ನಾನು ಯಂತ್ರದ ವಿರೋಧಿ ಅಲ್ಲ. ನನ್ನ ಕೇಳಿಕೆ ಇನ್ನೂ ಸರಳ. ಅಕ್ಷರ ಮಾಡೋದು ಆಮೇಲಿರಲಿ, ಮೊದಲು ದನಿಯನ್ನು ಇಟ್ಟುಕೊಳ್ಳಿ. 2008ರ ತಿದ್ದುಪಡಿಯಲ್ಲೇ, ಮ್ಯಾಜಿಸ್ಟ್ರೇಟರ ಮುಂದಿನ ವಾರಂಟ್ ಪ್ರಕರಣಗಳಲ್ಲಿ ಆರೋಪಿಯ ವಕೀಲರ ಸಮ್ಮುಖದಲ್ಲಿ ಸಾಕ್ಷ್ಯವನ್ನು ಆಡಿಯೋ-ವಿಡಿಯೋ ಮೂಲಕ ದಾಖಲಿಸಬಹುದು ಅಂತ ಸೇರಿಸಿದರು. ಹೊಸ ಸಂಹಿತೆಯಲ್ಲೂ ಅದು ಮುಂದುವರಿದಿದೆ. "ದಾಖಲಿಸಬಹುದು" ಅಂತಿದೆ, "ದಾಖಲಿಸಬೇಕು" ಅಂತಿಲ್ಲ. ದನಿ ಇದ್ದರೆ, ಕಾಗದದ ಮೇಲೆ ಜಗಳ ಬಂದ ದಿನ ಕೇಳಿ ನೋಡಬಹುದು.

ಅಲ್ಲಿಯವರೆಗೆ ಸಾಕ್ಷಿಯ ಕೈಯಲ್ಲಿ ಏನೂ ಇಲ್ಲವಾ? ಇದೆ. ಹೇಳಿಕೆ ಮುಗಿದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕು, ಆರೋಪಿ ಅಥವಾ ಅವರ ವಕೀಲರ ಎದುರಿಗೆ. ಅಗತ್ಯ ಇದ್ದರೆ ತಿದ್ದಬೇಕು. ಬರೆದ ಭಾಷೆ ಸಾಕ್ಷಿಗೆ ಬರೋದಿಲ್ಲ ಅಂದರೆ ಅವರ ಭಾಷೆಯಲ್ಲಿ ಅರ್ಥ ಹೇಳಬೇಕು. ಇದು ಹೊಸ ಸಂಹಿತೆಯ 313ನೇ ಕಲಂ, ಹಳೆಯದರಲ್ಲಿ 278. 2021ರಲ್ಲಿ ಸುಪ್ರೀಂ ಕೋರ್ಟ್ ಅಂತಿಮಗೊಳಿಸಿ ಹೈಕೋರ್ಟ್‌ಗಳಿಗೆ ಕೊಟ್ಟ ಕರಡು ನಿಯಮಗಳಲ್ಲೂ ಓದಿ ಹೇಳೋದು ಕಡ್ಡಾಯ. ಕಾಗದದ ಕೊನೆಯಲ್ಲಿ "ಓ.ಹೇ.ಕೇ. ಸರಿ ಇದೆ" ಅಂತ ಇರುತ್ತಲ್ಲ, ಓದಿ ಹೇಳಿ ಕೇಳಿ ಸರಿ ಇದೆ, ಅದು ಇದೇ. ಆದರೆ ಆ ಅಕ್ಷರಗಳು ಟೈಪ್ ಆದ ಮಾತ್ರಕ್ಕೆ ಓದಿ ಹೇಳಿದ್ದಾರೆ ಅಂತ ಅಲ್ಲ. ಊಟದ ಹೊತ್ತಾಗಿರುತ್ತೆ, ಮುಂದಿನ ಕೇಸ್ ಕೂಗಿರ್ತಾರೆ, ಸಾಕ್ಷಿಗೂ ಬಸ್ಸಿನ ಚಿಂತೆ. "ಇಲ್ಲಿ ಸೈನ್ ಹಾಕಿ" ಅಂತ ಬೆರಳು ತೋರಿಸಿದ ಕಡೆ ಸಹಿ ಬೀಳುತ್ತೆ.

ನಾಳೆ ನಿಮಗೋ ನಿಮ್ಮ ಅಪ್ಪನಿಗೋ ಸಾಕ್ಷಿ ಸಮನ್ಸ್ ಬಂದರೆ, ಪೆನ್ ಹಿಡಿಯೋ ಮುಂಚೆ "ಒಂದ್ಸಲ ಓದಿ ಹೇಳಿ ಸ್ವಾಮಿ" ಅನ್ನಿ. ಯಾರೂ ಬಯ್ಯೋ ಹಾಗಿಲ್ಲ. "ನಾನು ನೋಡಿದೆ ಅಂದಿಲ್ಲ, ಕಂಡಂಗಾಯ್ತು ಅಂದೆ" ಅಂತ ಆ ರೈತರು ಹೇಳಿದರೆ, ನ್ಯಾಯಾಧೀಶರು ಒಪ್ಪಿ ತಿದ್ದಬಹುದು. ಒಪ್ಪಲಿಲ್ಲ ಅಂದರೆ, ಸಾಕ್ಷಿ ಹೀಗೆ ಆಕ್ಷೇಪಿಸಿದರು ಅಂತ ಟಿಪ್ಪಣಿ ಬರೆದು, ತಮ್ಮ ಅಭಿಪ್ರಾಯವನ್ನೂ ಅದರ ಜೊತೆ ಸೇರಿಸಬಹುದು. ಆ ಟಿಪ್ಪಣಿಯೂ ಅದೇ ಕಡತದಲ್ಲಿ ಹೈಕೋರ್ಟಿನವರೆಗೆ ಹೋಗುತ್ತೆ.